ಕಡಲಿಲ್ಲದ ಸೀಮೆಯ ಅಂಬಿಗರು

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ. ಎತ್ತ ಹೊರಳಿದರೂ ಬಂಡೆ, ಬಂಡೆಯ ಬುಡದಲ್ಲಿ ರಾಗಿ ಹೊಲ, ಹಿಪ್ಪುನೇರಳೆ, ಮಾವಿನ ತೋಪು. ಇಂಥ ಒಣ ಸೀಮೆಯಲ್ಲಿ ದೋಣಿ ನಂಬಿ ಬದುಕುವ ಮನೆತನಗಳಿವೆ ಎಂದರೆ ನಂಬಲು ತುಸು ಕಷ್ಟ. ಕನಕಪುರದಿಂದ ದೊಡ್ಡಆಲಹಳ್ಳಿಯ ದಾರಿ ಹಿಡಿದು, ಕಾವೇರಿ ವನ್ಯಧಾಮದ ಕಾಡಿನೊಳಗೆ ಇಳಿಯುತ್ತ ಹೋದರೆ ರಸ್ತೆ ಸಂಗಮದಲ್ಲಿ ನೀರಿಗೆ ಬಂದು ನಿಲ್ಲುತ್ತದೆ. ಅಲ್ಲಿದ್ದಾರೆ ಅವರು.

ನಂದಿಬೆಟ್ಟದಲ್ಲಿ ಹುಟ್ಟಿ, ದಾರಿಯಲ್ಲಿ ವೃಷಭಾವತಿ ತಂದ ಬೆಂಗಳೂರಿನ ಕೊಳೆಯನ್ನೂ ಹೊತ್ತು ಬಂದ ಅರ್ಕಾವತಿ ಇಲ್ಲಿ ಕಾವೇರಿಯನ್ನು ಸೇರುತ್ತಾಳೆ. ಮೇಕೆದಾಟು ಕಮರಿಯನ್ನು ನೋಡಬೇಕೆಂದರೆ ಹೊಳೆ ದಾಟಿ ಇನ್ನೂ ನಾಲ್ಕು ಕಿಲೋಮೀಟರಿನಷ್ಟು ಹೋಗಬೇಕು. ನೀರಿಳಿದಾಗ ನಡೆದೇ ದಾಟುವವರುಂಟು. ನೀರು ಬಂತೆಂದರೆ ಹರಿಗೋಲೇ ಗತಿ.

ನೀರಿನ ಮೇಲೆ ತೇಲುವ ದೊಡ್ಡ ಮಂಕರಿ ಅದು. ಬಿದಿರಿನ ಹೆಣಿಗೆ, ಹಿಂದೆ ಅದರ ಮೇಲೆ ತೊಗಲು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಮುಂದು ಹಿಂದು ಎಂಬುದಿಲ್ಲದ ಈ ದೋಣಿ ಬಂಡೆಗಳ ಹೊಳೆಗೆಂದೇ ಹುಟ್ಟಿದ್ದು: ತಳ ಚಪ್ಪಟೆಯಾದ್ದರಿಂದ ಗೇಣುದ್ದ ನೀರಿದ್ದರೂ ಸಾಕು, ಕಲ್ಲಿಗೆ ತಾಗಿದರೆ ತಿರುಗಿ ಜಾರಿಕೊಳ್ಳುತ್ತದೆ. ಕೂತವರ ಕಣ್ಣಿಗೆ ಕಾಡು, ಬಂಡೆ, ಆಕಾಶ ಎಲ್ಲವೂ ಒಂದು ಸುತ್ತು ಬರುತ್ತವೆ. ಅಂಬಿಗ ಮಾತ್ರ ಒಂದೇ ಹುಟ್ಟಿನಿಂದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತ ಆಚೆ ದಡದ ಗುರುತು ಬಿಡುವುದಿಲ್ಲ. ಸೆಳವಿಗೆ ಎದುರಾಗಿ ಇದು ಸಾಗದು. ಹೊಳೆಯಲ್ಲಿ ಕೆಳಗೆ ಹೋದ ದೋಣಿಯನ್ನು ಮೇಲಕ್ಕೆ ತರುವಾಗ ದೋಣಿಯೇ ಅಂಬಿಗನ ಬೆನ್ನೇರುತ್ತದೆ.

ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಕಾಯಕವೂ ಇದೇ. ಸಂಗಮದ ಅಂಬಿಗರ ಹಿರೀಕರು ಮಕ್ಕಳಿಗೆ ಬಿಟ್ಟುಹೋದದ್ದು ದೋಣಿಯಲ್ಲ, ಬಿದಿರು ಅಷ್ಟು ಕಾಲ ಬಾಳುವುದಿಲ್ಲ. ಬಿಟ್ಟುಹೋದದ್ದು ಹೊಳೆಯ ನಡತೆಯನ್ನು: ಮಡು ಎಲ್ಲಿದೆ, ಸುಳಿ ಎಲ್ಲಿ ಏಳುತ್ತದೆ, ನೀರಿನ ಬಣ್ಣ ಕೆಂಪಾದರೆ ಮೇಲೆ ಏನಾಗಿದೆ.

ಮಳೆಗಾಲದಲ್ಲಿ ಕೃಷ್ಣರಾಜಸಾಗರ, ಕಬಿನಿಗಳ ಗೇಟು ತೆರೆದರೆ ಇಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರುತ್ತದೆ. ಅಂಥದೊಂದು ದಿನ ದಡದಲ್ಲಿ ಪ್ರವಾಸಿಗರು ಎಷ್ಟು ಕಾಸಾದರೂ ಸರಿ ಎಂದು ಗೋಗರೆಯುತ್ತಿದ್ದರು. ನಡುವಯಸ್ಸಿನ ಅಂಬಿಗ ನೀರಿನ ಕಡೆಗೆ ಕಣ್ಣು ಹಾಯಿಸಿ, "ಇವತ್ತು ಆಗಕಿಲ್ಲ ಸ್ವಾಮಿ. ನಮ್ಮಪ್ಪನೂ ಇಂಥ ನೀರಿಗೆ ಹುಟ್ಟು ಹಾಕ್ದೋರಲ್ಲ" ಎಂದ. ದಿನದ ದುಡಿಮೆ ಹೋಗುತ್ತಿದ್ದುದು ಅವನದೇ. ದೋಣಿ ನಡೆಸುವುದು ಕಸುಬು, ನಡೆಸದೆ ನಿಲ್ಲಿಸುವುದು ಕರ್ತವ್ಯ ಎಂದು ಇವನಿಗೆ ಯಾರೂ ಬರೆದುಕೊಟ್ಟಿಲ್ಲ.

ಇವನು ಕಣ್ಣಳತೆಯಲ್ಲಿ ತೂಗುವ ಇದೇ ನೀರನ್ನು ಕೆಳಗೆ ಬಿಳಿಗುಂಡ್ಲುವಿನಲ್ಲಿ ಸರ್ಕಾರ ಅಳೆಯುತ್ತದೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ 177.25 ಟಿಎಂಸಿ ಅಲ್ಲಿಂದ ತಮಿಳುನಾಡಿಗೆ ಹರಿಯಬೇಕು. ಮೇಕೆದಾಟಿನಲ್ಲಿ ಸುಮಾರು 67 ಟಿಎಂಸಿಯ ಜಲಾಶಯ ಕಟ್ಟುವ ಯೋಜನೆಯನ್ನೂ ಕರ್ನಾಟಕ ಮುಂದಿಟ್ಟಿದೆ. ಬೆಂಗಳೂರಿನ ಬಾಯಾರಿಕೆ ದೊಡ್ಡದು, ಅದನ್ನು ಅಲ್ಲಗಳೆಯಲಾಗದು. ಆದರೆ ಅಣೆಕಟ್ಟು ಎದ್ದರೆ ಈ ಮಡು, ಈ ಸುಳಿ, ಈ ಕಲ್ಲುಗಳ ಮೇಲೆಲ್ಲ ನಿಂತ ನೀರು. ಆಗ ಅಂಬಿಗನ ಮಗನಿಗೆ ನೀರೇನೋ ಬೇಕಾದಷ್ಟು ಸಿಗುತ್ತದೆ. ಅಪ್ಪ ಕಲಿಸಿದ ಹೊಳೆ ಸಿಗುವುದಿಲ್ಲ. ಪರಿಹಾರದ ಲೆಕ್ಕ ಹಾಕುವವರು ಹೊಲ, ಮನೆಗಳ ಜೊತೆಗೆ ಈ ತಿಳಿವಳಿಕೆಯನ್ನೂ ಆಸ್ತಿಯೆಂದೇ ಬರೆದುಕೊಳ್ಳಬೇಕು.