ರೆಸಾರ್ಟ್ ಇಲ್ಲದ ದ್ವೀಪ: ಹುಬ್ಬಳ್ಳಿಯಿಂದ ನೇತ್ರಾಣಿಗೆ

ಮದುವೆ ಸೀಸನ್ ಮುಗಿಯುತ್ತಿದ್ದಂತೆ ವಾಟ್ಸ್‌ಆ್ಯಪ್ ಸ್ಟೇಟಸ್ ತುಂಬಾ ಮಾಲ್ಡೀವ್ಸ್. ನೀಲಿ ನೀರಿನ ಮೇಲೆ ಕಟ್ಟಿದ ಕೋಣೆ, ಕೆಳಗೆ ಬಣ್ಣಬಣ್ಣದ ಮೀನು, ಸುತ್ತ ಒಬ್ಬರೂ ಇಲ್ಲ. ‘ಇಡೀ ದ್ವೀಪ ನಮ್ಮದೇ’ ಅನ್ನುವ ಆ ಖುಷಿಗೆ ಇಎಂಐ ಕಟ್ಟುವವರೂ ಇದ್ದಾರೆ. ಆಸೆ ತಪ್ಪಲ್ಲ ಬಿಡ್ರಿ. ಆದರೆ ಹುಬ್ಬಳ್ಳಿ-ಧಾರವಾಡದವರಿಗೆ ಹವಳ ನೋಡಲು ಪಾಸ್‌ಪೋರ್ಟ್ ಬೇಕಿಲ್ಲ. ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು, ಅಂಕೋಲಾದಲ್ಲಿ ಎಡಕ್ಕೆ ಹೊರಳಿದರೆ ಕುಮಟಾ, ಹೊನ್ನಾವರ, ಆಮೇಲೆ ಮುರುಡೇಶ್ವರ. ಸುಮಾರು 200 ಕಿ.ಮೀ., ಚಹಾ-ತಿಂಡಿ ಸೇರಿ ಐದು ತಾಸು. ಅಲ್ಲಿನ ತೀರದಿಂದ ಸುಮಾರು 19 ಕಿ.ಮೀ. ದೂರ ಸಮುದ್ರದೊಳಗೆ ಇರುವುದೇ ನೇತ್ರಾಣಿ.

ಮೇಲಿನಿಂದ ನೋಡಿದರೆ ಹೃದಯದ ಆಕಾರ. ನಕಾಶೆಗಳಲ್ಲಿ ‘ಪಿಜನ್ ಐಲ್ಯಾಂಡ್’ ಅನ್ನುವ ಹೆಸರೂ ಉಂಟು. 2022ರಲ್ಲಿ ಬಂದ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೀರಿಗಿಳಿದ ಮೇಲಂತೂ ಈ ಹೆಸರು ಮನೆಮನೆಗೆ ಗೊತ್ತಾಯಿತು.

ಯಾರದ್ದೂ ಅಲ್ಲದ ದ್ವೀಪ

ನೇತ್ರಾಣಿಯಲ್ಲಿ ರೆಸಾರ್ಟ್ ಇಲ್ಲ, ಹೋಟೆಲ್ ಇಲ್ಲ, ರಾತ್ರಿ ಉಳಿಯಲು ಒಂದು ಕೋಣೆಯೂ ಇಲ್ಲ. ಸುತ್ತ ಬಹುಪಾಲು ಕಡಿದಾದ ಬಂಡೆ, ಮೇಲೆ ದಟ್ಟ ಹಸಿರು. ಬಿಳಿ ಹೊಟ್ಟೆಯ ಸಮುದ್ರ ಹದ್ದು ಅಲ್ಲಿ ಗೂಡು ಕಟ್ಟುತ್ತದೆ. ಕರಾವಳಿಯ ಮೀನುಗಾರರು ಭಕ್ತಿಯಿಂದ ನಡೆದುಕೊಳ್ಳುವ ಜಾಗವೂ ಹೌದು. ಅವರು ಹರಕೆಗೆ ಬಿಟ್ಟ ಆಡುಗಳು ಅಲ್ಲೇ ಕಾಡಾಡಿಗಳಾಗಿವೆ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದಕ್ಕೆ ಪರಿಸರದ ಕಾಳಜಿ ಇದ್ದವರು ಆಕ್ಷೇಪ ಎತ್ತಿದ್ದೂ ಉಂಟು. ಡೈವಿಂಗಿಗೆ ಹೋದವರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ. ದೋಣಿ ಪಕ್ಕದಲ್ಲಿ ನಿಲ್ಲುತ್ತದೆ, ನಾವು ನೀರಿಗಿಳಿಯುತ್ತೇವೆ, ಅಷ್ಟೇ.

ಮಾಲ್ಡೀವ್ಸಿನ ಲೆಕ್ಕ ಬೇರೆ. ಅಲ್ಲಿ ಮೊದಲ ರೆಸಾರ್ಟ್ ಕುರುಂಬಾ ಶುರುವಾದದ್ದು 1972ರಲ್ಲಿ. ಅದರ ಹಿಂದೆಯೇ ‘ಒಂದು ದ್ವೀಪ, ಒಂದು ರೆಸಾರ್ಟ್’ ಪದ್ಧತಿ ಬೆಳೆಯಿತು. ನಾವು ಖಾಸಗಿ ದ್ವೀಪ ಅಂದುಕೊಳ್ಳುವುದು ಸಾಮಾನ್ಯವಾಗಿ ಸರ್ಕಾರದಿಂದ ಗುತ್ತಿಗೆಗೆ ಪಡೆದದ್ದು. ಅಷ್ಟು ಚಿಕ್ಕ ಜಾಗದಲ್ಲಿ ಕರೆಂಟಿಗೆ ಜನರೇಟರ್ ಬೇಕು, ಕುಡಿಯಲು ಸಮುದ್ರದ ನೀರನ್ನೇ ಸಿಹಿ ಮಾಡುವ ಯಂತ್ರ ಬೇಕು, ಕಸ ಸಾಗಿಸಲು ದೋಣಿ ಬೇಕು. ಫೋಟೋದಲ್ಲಿ ಇದ್ಯಾವುದೂ ಕಾಣುವುದಿಲ್ಲ.

ನೀರಿನೊಳಗೆ

ಈಜು ಬರಲೇಬೇಕು ಅಂತೇನಿಲ್ಲ. ಮೊದಲ ಸಲದವರನ್ನು ಇನ್‌ಸ್ಟ್ರಕ್ಟರ್ ಕೈಹಿಡಿದೇ ಕರೆದೊಯ್ಯುತ್ತಾರೆ. 12 ಮೀಟರಿಗಿಂತ ಆಳಕ್ಕೆ ಒಯ್ಯುವುದಿಲ್ಲ. ಅಸ್ತಮಾ, ಹೃದಯ, ಕಿವಿಯ ತೊಂದರೆ ಇದ್ದರೆ ಫಾರ್ಮ್‌ನಲ್ಲಿ ಮುಚ್ಚಿಡಬೇಡಿ. ಇಳಿಯುವಾಗ ಕಿವಿ ಒತ್ತುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿದರೆ ಸರಿಹೋಗುತ್ತದೆ. ಇನ್ನೊಂದು ಮಾತು ನೆನಪಿರಲಿ: ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಸೂಪರ್’ ಅಂತಲ್ಲ, ‘ಮೇಲೆ ಹೋಗೋಣ’ ಅಂತ! ಎಲ್ಲ ಸರಿಯಿದೆ ಅನ್ನಲು ಹೆಬ್ಬೆರಳು-ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು.

ಬಂಡೆಯಂತೆ ಕಾಣುವ ಹವಳ ನಿಜಕ್ಕೂ ಪ್ರಾಣಿ. ಸಣ್ಣ ಸಣ್ಣ ಜೀವಿಗಳು ಸುಣ್ಣದ ಗೂಡು ಕಟ್ಟಿಕೊಂಡು ಒಟ್ಟಿಗೆ ಬದುಕುತ್ತವೆ. ಅವುಗಳ ಮೈಯೊಳಗಿನ ಪಾಚಿ ಊಟವನ್ನೂ ಬಣ್ಣವನ್ನೂ ಕೊಡುತ್ತದೆ. ಬೇಸಿಗೆಯ ಸಹಜ ಬಿಸಿಗಿಂತ ನೀರು ಬರೀ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ಜಗತ್ತಿನಾದ್ಯಂತ ಹವಳ ಹೀಗೆ ಬಿಳಿಚುತ್ತಿರುವುದು ನಾಲ್ಕನೇ ಸಲ ಎಂದು ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಮಾಲ್ಡೀವ್ಸ್, ಲಕ್ಷದ್ವೀಪಗಳೂ ಈ ಬಿಸಿಯಿಂದ ತಪ್ಪಿಸಿಕೊಂಡಿಲ್ಲ.

ಸಮುದ್ರದ ಬಿಸಿ ತಡೆಯುವುದು ಒಬ್ಬರ ಕೈಯಲ್ಲಿಲ್ಲ. ಕಾಲಿನ ರೆಕ್ಕೆ ಹವಳಕ್ಕೆ ತಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ದುಂಡನೆಯ ಹವಳಗಳು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆಯುತ್ತವೆ. ಸೆಲ್ಫಿಗೆ ಆತುಕೊಂಡಾಗ ಮುರಿದ ಅಂಗೈಯಷ್ಟು ತುಂಡಿನ ಹಿಂದೆ ಎಷ್ಟು ವರ್ಷ ಇರಬಹುದು, ನೀವೇ ಲೆಕ್ಕ ಹಾಕ್ರಿ. ನೆನಪಿಗೆ ಅಂತ ತುಂಡು ತರುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಅದೇ ಸಂಜೆ ಘಾಟ್ ಹತ್ತಬೇಡಿ

ನಮ್ಮ ಕಡೆಯವರು ಗಮನಿಸಲೇಬೇಕಾದ ವಿಷಯ ಇದು. ಡೈವ್ ಮಾಡುವಾಗ ರಕ್ತದಲ್ಲಿ ನೈಟ್ರೋಜನ್ ಸೇರುತ್ತದೆ. ಬೇಗ ಎತ್ತರಕ್ಕೆ ಹೋದರೆ ಅದು ಗುಳ್ಳೆಯಾಗಿ ತೊಂದರೆ ಕೊಡಬಹುದು. ಒಂದು ಡೈವ್ ಆದರೆ ಕನಿಷ್ಠ 12 ತಾಸು, ಹೆಚ್ಚಾದರೆ 18 ತಾಸು ವಿಮಾನ ಹತ್ತಬಾರದು ಅನ್ನುತ್ತಾರೆ. ಸುಮಾರು 600 ಮೀಟರಿಗಿಂತ ಎತ್ತರದ ಊರಿಗೆ ಗಾಡಿಯಲ್ಲಿ ಹೋಗುವುದಕ್ಕೂ ಇದೇ ಎಚ್ಚರ ಬೇಕು. ಹುಬ್ಬಳ್ಳಿ, ಧಾರವಾಡ ಎರಡೂ ಅದಕ್ಕಿಂತ ಎತ್ತರದಲ್ಲಿವೆ. ‘ಸೋಮವಾರ ಆಫೀಸು’ ಅಂತ ಭಾನುವಾರ ಡೈವ್ ಮಾಡಿ ರಾತ್ರಿಯೇ ಹೊರಡುವ ಬದಲು, ಶನಿವಾರ ಡೈವ್ ಮಾಡಿ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ. ಲಾಡ್ಜ್, ಖಾನಾವಳಿ ನಡೆಸುವವರಿಗೂ ನಾಲ್ಕು ಕಾಸು ಸಿಗುತ್ತದೆ.

ಹೋಗುವ ಕಾಲ ಅಕ್ಟೋಬರ್‌ನಿಂದ ಮೇ; ಡಿಸೆಂಬರ್-ಜನವರಿಯಲ್ಲಿ ನೀರು ಹೆಚ್ಚು ತಿಳಿ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಆ ನಾಲ್ಕು ತಿಂಗಳು ಹವಳಕ್ಕೂ ನಮ್ಮಿಂದ ರಜೆ.

‘ಇಲ್ಲೊಂದು ರೆಸಾರ್ಟ್ ಆಗಿದ್ದರೆ!’ ಅನ್ನುವ ಮಾತು ದೋಣಿಯಲ್ಲಿ ಬಂದೇ ಬರುತ್ತದೆ. ರೆಸಾರ್ಟ್ ಆದರೆ ಜನರೇಟರ್ ಬರುತ್ತದೆ, ಕೊಳಚೆ ನೀರು ಬರುತ್ತದೆ, ರಾತ್ರಿಯೆಲ್ಲ ದೀಪ ಉರಿಯುತ್ತದೆ. ಉಳಿಯುವ ಕೋಣೆ ಮುರುಡೇಶ್ವರದಲ್ಲೇ ಇರಲಿ, ದ್ವೀಪ ಹದ್ದಿಗೂ ಮೀನಿಗೂ ಇರಲಿ. ಬೆಳಿಗ್ಗೆ ಹೋಗಿ, ನೋಡಿ, ಏನನ್ನೂ ಮುಟ್ಟದೆ ಮಧ್ಯಾಹ್ನ ವಾಪಸ್ ಬಂದರೆ ಸಾಕಲ್ಲವೇ? ನೀವು ಈಗಾಗಲೇ ಹೋಗಿ ಬಂದಿದ್ದರೆ ಅಲ್ಲಿ ಏನೇನು ಕಂಡಿರಿ, ಬರೆದು ಕಳಿಸ್ರಿ.