ಒಂದು ಬಾಗಿಲು, ಒಂದು ಒಲೆ

ಅನುವಾದದ ತರಗತಿಯಲ್ಲಿ ಒಮ್ಮೆ ವಿದ್ಯಾರ್ಥಿಯೊಬ್ಬ ‘ಆಮ್ಸ್‌ಹೌಸ್’ ಎಂಬ ಇಂಗ್ಲಿಷ್ ಮಾತಿಗೆ ಕನ್ನಡವೇನೆಂದು ಕೇಳಿದ. ನಾನು ಕ್ಷಣವೂ ತಡೆಯದೆ ‘ಧರ್ಮಛತ್ರ’ ಎಂದುಬಿಟ್ಟೆ. ಕನ್ನಡ ಎಂ.ಎ. ಮಾಡಿದ ಮೇಷ್ಟರು ತರಗತಿಯಲ್ಲಿ ‘ತಿಳಿಯದು’ ಎನ್ನುವುದುಂಟೆ! ಆ ಉತ್ತರ ಅರ್ಧ ತಪ್ಪೆಂಬುದು ನನಗೆ ಗೊತ್ತಾದದ್ದು ಕಳೆದ ಬೇಸಗೆಯ ರಜೆಯಲ್ಲಿ, ಸೌತಾಂಪ್ಟನ್ನಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ.

ಹೊರಡುವ ಹಿಂದಿನ ದಿನ ನಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಸಂಗ ನಡೆದಿತ್ತು. ನನ್ನ ಸೋದರತ್ತೆ ನಮ್ಮೊಡನೆಯೇ ಇದ್ದಾರೆ. ತಂದೆಯವರ ಅಕ್ಕ, ಮಕ್ಕಳಿಲ್ಲ, ಯಜಮಾನರು ತೀರಿಕೊಂಡು ಬಹಳ ವರ್ಷಗಳಾದುವು, ವಯಸ್ಸು ಎಪ್ಪತ್ತೆಂಟು. ಎಂದೂ ಏನನ್ನೂ ಕೇಳದ ಅವರು ಅಂದು ಹತ್ತಿರ ಕರೆದು, “ನನ್ನ ಕೋಣೇಲಿ ಒಂದು ಸಣ್ಣ ಒಲೆ ಇಟ್ಟುಕೊಡೋ. ಬೆಳಗಿನ ಕಾಫಿ ನಾನೇ ಕಾಸಿಕೊಳ್ತೀನಿ” ಎಂದರು. ನನಗೆ ಚುಚ್ಚಿದಂತಾಯಿತು. “ನಿಮಗೆ ನಾವೇನು ಕಡಮೆ ಮಾಡಿದ್ದೇವೆ, ಅತ್ತೆ? ನೋಡಿದವರು ಏನೆಂದಾರು?” ಎಂದೆ. ಅವರು ಮರುಮಾತಾಡಲಿಲ್ಲ, ಸೆರಗು ಸರಿಪಡಿಸಿಕೊಂಡು ಒಳಗೆ ಹೋದರು.

ಸೌತಾಂಪ್ಟನ್ನಿನಿಂದ ವಿಂಚೆಸ್ಟರಿಗೆ ರೈಲಿನಲ್ಲಿ ಅಲ್ಪ ಹೊತ್ತಿನ ಪಯಣ. ಅಲ್ಲಿಂದ ಇಚೆನ್ ನದಿಯ ಮಗ್ಗುಲ ಹುಲ್ಲುಗಾವಲಿನಲ್ಲಿ ಕಾಲುದಾರಿ ಹಿಡಿದು ನಡೆದರೆ ‘ಹಾಸ್ಪಿಟಲ್ ಆಫ್ ಸೇಂಟ್ ಕ್ರಾಸ್’ ಸಿಗುತ್ತದೆ. ಹೆಸರು ಆಸ್ಪತ್ರೆಯಾದರೂ ಅಲ್ಲಿ ವೈದ್ಯರಿಲ್ಲ, ಔಷಧಿಯ ವಾಸನೆಯಿಲ್ಲ. ಆ ಪದದ ಮೂಲದಲ್ಲಿರುವುದು ಅತಿಥಿ ಎಂಬರ್ಥದ ಲ್ಯಾಟಿನ್ ಶಬ್ದ. ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಯ ದೌಹಿತ್ರ, ವಿಂಚೆಸ್ಟರಿನ ಬಿಷಪ್ಪನಾಗಿದ್ದ ಹೆನ್ರಿ ಆಫ್ ಬ್ಲ್ವಾ, 1130ರ ದಶಕದಲ್ಲಿ ಇದನ್ನು ಸ್ಥಾಪಿಸಿದ. ದುಡಿಯಲಾರದ 13 ಮಂದಿ ಬಡವರಿಗೆ ವಸತಿ, ದಿನವೂ 100 ಮಂದಿಗೆ ಊಟ: ಇದು ಆತನ ಕಟ್ಟಳೆ.

ಈ ಸ್ಥಳದ ಇನ್ನೊಂದು ವಿಶೇಷ, ದಾರಿಹೋಕರಿಗೆ ಕೊಡುವ ಗ್ರಾಸ. ಬಾಗಿಲಲ್ಲಿ ನಿಂತು ಕೇಳಿದವರಿಗೆ ಒಂದು ತುಣುಕು ರೊಟ್ಟಿ, ಒಂದು ಪುಟ್ಟ ಪಾತ್ರೆಯಲ್ಲಿ ಬಿಯರ್. ಆದರೆ ಕೇಳಲೇಬೇಕು, ಕೇಳದವರಿಗೆ ಕೊಡುವುದಿಲ್ಲ. ನಾನು ಬಾಗಿಲ ಬಳಿ ಎರಡು ಬಾರಿ ಹಿಂದಕ್ಕೂ ಮುಂದಕ್ಕೂ ನಡೆದೆ. ಸಂಬಳ ತರುವ ಗೃಹಸ್ಥ ಒಂದು ತುಂಡು ರೊಟ್ಟಿಗಾಗಿ ಬಾಯಿಬಿಡುವುದು ಎಷ್ಟು ಕಷ್ಟವೆಂಬುದು ಅಂದು ತಿಳಿಯಿತು. ಕೊನೆಗೆ ಕೇಳಿದೆ. ಬಾಗಿಲು ಕಾಯುವಾತ ನಸುನಗುತ್ತ ತಂದುಕೊಟ್ಟ. ಬಿಯರನ್ನು ಭಾವನಿಗೆ ದಾಟಿಸಿ ರೊಟ್ಟಿಯನ್ನು ಮಾತ್ರ ತಿಂದೆ.

ಒಳಗೆ ಕಾಲಿಟ್ಟರೆ ನಡುವೆ ವಿಶಾಲವಾದ ಹಸುರು ಅಂಗಳ. ಒಂದು ಪಕ್ಕದಲ್ಲಿ ನಾರ್ಮನ್ ಕಾಲದ ದಪ್ಪ ಗೋಡೆಗಳ ಇಗರ್ಜಿ. ಇನ್ನೊಂದು ಪಕ್ಕದಲ್ಲಿ ಉದ್ದಕ್ಕೆ ಸಾಲುಮನೆಗಳು. ಆ ಸಾಲಿನ ಮೇಲೆ ಎತ್ತರವಾದ ಹೊಗೆಗೂಡುಗಳು ಒಂದರ ಪಕ್ಕಕ್ಕೊಂದು ಕವಾಯತಿಗೆ ನಿಂತ ಸಿಪಾಯಿಗಳಂತೆ ನಿಂತಿವೆ. ನನ್ನ ಕಣ್ಣು ಅಲ್ಲಿಯೇ ನೆಟ್ಟಿತು.

ಈ ಹೊಗೆಗೂಡುಗಳಿಗೊಂದು ಇತಿಹಾಸವಿದೆ. ಮೊದಮೊದಲಿನ ಇಂತಹ ಧರ್ಮಗೃಹಗಳಲ್ಲಿ ಪ್ರತ್ಯೇಕ ಕೋಣೆಗಳಿರಲಿಲ್ಲ. ಚಿಚೆಸ್ಟರಿನ ಸೇಂಟ್ ಮೇರಿ ಹಾಸ್ಪಿಟಲ್ಲಿನಲ್ಲಿ 13ನೆಯ ಶತಮಾನದ ಆ ಮಾದರಿ ಇಂದಿಗೂ ನಿಂತಿದೆ: ಬೃಹತ್ತಾದ ಒಂದೇ ಮರದ ಮಾಡು, ಅದರಡಿ ಉದ್ದನೆಯ ಹಜಾರ, ಪೂರ್ವದ ತುದಿಯಲ್ಲಿ ಪ್ರಾರ್ಥನಾಮಂದಿರ. ಹಾಸಿಗೆಗಳು ಎರಡೂ ಬದಿಗೆ. ಏಳಲಾರದವನೂ ಮಲಗಿದಲ್ಲಿಂದಲೇ ಪೂಜೆಯನ್ನು ಕಾಣಬಹುದಿತ್ತು. ಆತ್ಮಕ್ಕೆ ಎಲ್ಲ ಅನುಕೂಲವೂ ಇತ್ತು. ಆದರೆ ಕೆಮ್ಮಿದರೆ ಹತ್ತು ಜನ ಕೇಳುತ್ತಿದ್ದರು. 17ನೆಯ ಶತಮಾನದಲ್ಲಿ ಆ ಹಜಾರದೊಳಗೇ ಇಟ್ಟಿಗೆಯ ಹೊಗೆಗೂಡುಗಳನ್ನೆಬ್ಬಿಸಿ, ಪುಟ್ಟ ಪುಟ್ಟ ಮನೆಗಳನ್ನು ಮಾಡಿದರು. ಮನೆಯೊಳಗೆ ಮನೆ!

ಸೇಂಟ್ ಕ್ರಾಸಿನಲ್ಲಿ ಈ ಬದಲಾವಣೆ ಇನ್ನೂ ಮೊದಲೇ ಬಂದಿತು. 1445ರ ಸುಮಾರಿಗೆ ಕಾರ್ಡಿನಲ್ ಬೋಫರ್ಟ್ ಈ ಸಾಲುಮನೆಗಳನ್ನು ಕಟ್ಟಿಸಿ, ಒಳ್ಳೆಯ ಸ್ಥಿತಿಯಲ್ಲಿ ಬಾಳಿ ಬಡತನಕ್ಕಿಳಿದವರಿಗಾಗಿ ಹೊಸದೊಂದು ಪಂಗಡವನ್ನು ಏರ್ಪಡಿಸಿದ. ಅದರ ಹೆಸರು ‘ಕುಲೀನ ದಾರಿದ್ರ್ಯದ ಪಂಗಡ’. ಹಳೆಯ ಪಂಗಡದವರಿಗೆ ಬೆಳ್ಳಿಯ ಶಿಲುಬೆ ತೊಡಿಸಿದ ಕಪ್ಪು ನಿಲುವಂಗಿ, ಇವರಿಗೆ ಕೆಂಪು. ಒಬ್ಬೊಬ್ಬನಿಗೂ ಅವನದೇ ವಾಸದ ಕೋಣೆ, ಅವನದೇ ಒಲೆ, ಮುಚ್ಚಿಕೊಳ್ಳಲು ಅವನದೇ ಬಾಗಿಲು.

ಎಲ್ಲವೂ ಸ್ವರ್ಗವಾಗಿತ್ತೆಂದು ವಾಚಕರು ಭಾವಿಸಬಾರದು. ಕವಿ ಚಾಸರನ ಮೊಮ್ಮಗಳು ಆಲಿಸ್ ತನ್ನ ಪತಿಯೊಡನೆ 1437ರಲ್ಲಿ ಯೂವೆಲ್ಮ್ ಗ್ರಾಮದಲ್ಲಿ 13 ಬಡವರಿಗೆ ಸುಂದರವಾದ ಚೌಕಟ್ಟುಮನೆಯನ್ನು ಸ್ಥಾಪಿಸಿದಳು. ಅಲ್ಲಿದ್ದವರು ದಿನವೂ ದಾತರ ಆತ್ಮಶಾಂತಿಗಾಗಿ ಪ್ರಾರ್ಥಿಸಿಯೇ ಅನ್ನದ ಋಣ ತೀರಿಸಬೇಕಿತ್ತು. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಇಂತಹ ಎಷ್ಟೋ ಆಶ್ರಯಗಳು ಮುಳುಗಿದುವು. 19ನೆಯ ಶತಮಾನದಲ್ಲಿ ಸೇಂಟ್ ಕ್ರಾಸಿನ ಆದಾಯದ ಬಹುಭಾಗ ಅದರ ಮುಖ್ಯಸ್ಥನ ಕಿಸೆ ಸೇರುತ್ತಿದ್ದುದು ದೊಡ್ಡ ಹಗರಣವಾಯಿತು. ಟ್ರಾಲಪ್ 1855ರಲ್ಲಿ ಪ್ರಕಟಿಸಿದ ‘ದಿ ವಾರ್ಡನ್’ ಕಾದಂಬರಿಯ ಹಿಂದೆ ಅಂತಹ ಹಗರಣಗಳ ನೆರಳಿದೆ. ಲಂಡನ್ನಿನಲ್ಲಿ ರಾಬರ್ಟ್ ಜೆಫ್ರಿ ಎಂಬ ವರ್ತಕನ ಮರಣಶಾಸನದ ಹಣದಿಂದ 1714ರಲ್ಲಿ ಎದ್ದ 14 ಮನೆಗಳ ಸಾಲು ಈಗ ವಸ್ತುಸಂಗ್ರಹಾಲಯ. ಆತನ ಸಂಪತ್ತಿನಲ್ಲಿ ಗುಲಾಮರ ವ್ಯಾಪಾರದ ಪಾಲೂ ಇತ್ತು. ನಮ್ಮ ನಾಡನ್ನು ದೋಚಿದ ಈಸ್ಟ್ ಇಂಡಿಯಾ ಕಂಪೆನಿಯೂ 17ನೆಯ ಶತಮಾನದಿಂದಲೇ ಪಾಪ್ಲರಿನಲ್ಲಿ ತನ್ನ ಅಶಕ್ತ ನಾವಿಕರಿಗಾಗಿ ಇಂತಹದೊಂದು ಧರ್ಮಗೃಹವನ್ನು ನಡೆಸುತ್ತಿತ್ತು. ದಾನದ ಗಂಗೆ ಯಾವ ಯಾವ ಕೊಚ್ಚೆಯಿಂದ ಹರಿದು ಬರುವುದೋ!

ಆದರೂ ಆ ಕಟ್ಟಡಗಳ ಹಿರಿಮೆಯನ್ನು ಒಪ್ಪಲೇಬೇಕು. ಇಂದಿಗೂ ಬ್ರಿಟನ್ನಿನಲ್ಲಿ ಸುಮಾರು 36,000 ಜನ ಇಂತಹ ಮನೆಗಳಲ್ಲಿ ಬಾಳುತ್ತಿದ್ದಾರೆ. ಛತ್ರ ಬಂದು ಹೋಗುವವರಿಗೆ. ಇದಾದರೋ ಬಂದು ನಿಲ್ಲುವವರಿಗೆ. ನನ್ನ ಅನುವಾದ ಎಡವಿದ್ದು ಅಲ್ಲಿಯೇ.

ನಾವು ಹಿಂದಿರುಗುವ ಹೊತ್ತಿಗೆ ವೃದ್ಧರೊಬ್ಬರು ಕಪ್ಪು ನಿಲುವಂಗಿಯಲ್ಲಿ ಅಂಗಳ ದಾಟಿ, ತಮ್ಮ ಬಾಗಿಲ ಬೀಗ ತೆಗೆದು, ಒಳಗೆ ಹೋಗಿ ಮುಚ್ಚಿಕೊಂಡರು. ಅಷ್ಟೇ. ನನಗೆ ಅತ್ತೆಯ ನೆನಪಾಯಿತು. ಅರುವತ್ತು ವರ್ಷ ಯಾರಾರದೋ ಅಡುಗೆಮನೆಗಳಲ್ಲಿ ದುಡಿದ ಜೀವ ಈಗ ಒಂದು ಲೋಟ ಕಾಫಿಗಾಗಿ ಸೊಸೆ ಏಳುವುದನ್ನು ಕಾದು ಕೂರಬೇಕು. ಅನ್ನವನ್ನು ನಾವು ಕಡಮೆ ಮಾಡಿರಲಿಲ್ಲ, ನಿಜ. ಆದರೆ ಅವರು ಕೇಳಿದ್ದು ಅನ್ನವನ್ನಲ್ಲ. ಬಾಗಿಲಲ್ಲಿ ನಿಂತು ಕೇಳುವ ಕಷ್ಟವನ್ನು ಅವರೂ ದಾಟಿಯೇ ಬಂದಿದ್ದರು. ಬಾಗಿಲು ಕಾಯುವವನು ಮಾತ್ರ ಇಲ್ಲವೆಂದುಬಿಟ್ಟಿದ್ದ.

ಊರಿಗೆ ಮರಳಿದ ವಾರದಲ್ಲಿಯೇ ಅವರ ಕೋಣೆಯಲ್ಲಿ ಒಂದು ವಿದ್ಯುತ್ ಒಲೆ, ಒಂದು ಗೂಡು, ಬಾಗಿಲಿಗೆ ಒಳಗಿನಿಂದ ಚಿಲಕ, ಮೂರೂ ಆದುವು. “ಇಷ್ಟಕ್ಕೆ ಇಂಗ್ಲೆಂಡಿಗೆ ಹೋಗಿಬರಬೇಕಾಯಿತೆ?” ಎಂದಳು ನನ್ನ ಹೆಂಡತಿ. ಉತ್ತರವಿರಲಿಲ್ಲ.

ಮರುದಿನ ಬೆಳಗ್ಗೆ ಐದೂವರೆಗೆ ಹಜಾರದವರೆಗೂ ಕಾಫಿಯ ಪರಿಮಳ. ಹೋಗಿ ಮೆಲ್ಲನೆ ಬಾಗಿಲು ತಟ್ಟಿದೆ.

“ಅತ್ತೆ, ಒಂದು ಲೋಟ ಕಾಫಿ ಸಿಕ್ಕೀತೆ?”

“ಬಾರೋ, ಕೂತ್ಕೋ. ಸಕ್ಕರೆ ಮಾತ್ರ ನನ್ನ ಲೆಕ್ಕದ್ದು, ಕೇಳಬೇಡ” ಎಂದರು ಅತ್ತೆ.

ಕಾಫಿ ಬಹಳ ಸಿಹಿಯಾಗಿತ್ತು. ಏನೂ ಹೇಳದೆ ಕುಡಿದೆ.