ಸೂರು ಹೋದ ಡೇರೆ

ಮಗಳ ಮನೆಗೆ ಹೋದಾಗಲೆಲ್ಲ ನನ್ನವು ಎರಡೇ ಬೇಡಿಕೆ. ಫ್ಲಶಿಂಗ್ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ದೋಸೆ, ಆಮೇಲೆ ಫ್ಲಶಿಂಗ್ ಮೆಡೋಸ್ ಪಾರ್ಕಿನ ಆ ಹಾಳು ಮಂಟಪ. ದೋಸೆಗೆ ಯಾರ ತಕರಾರೂ ಇಲ್ಲ. ಮಂಟಪ ಎಂದೊಡನೆ ಅಳಿಯಂದಿರ ಮುಖ ಸಪ್ಪಗಾಗುತ್ತದೆ. "ನ್ಯೂಯಾರ್ಕಿಗೆ ಬಂದು ಇದನ್ನ ನೋಡೋದಾ ಮಾವ?"

1964ರ ವಿಶ್ವ ಮೇಳಕ್ಕೆ ಫಿಲಿಪ್ ಜಾನ್ಸನ್ ರೂಪಿಸಿದ 'ನಾಳೆಯ ಡೇರೆ' ಅದು. ನೂರಡಿ ಎತ್ತರದ 16 ಕಾಂಕ್ರೀಟ್ ಕಂಬ. ನೆತ್ತಿಯಲ್ಲಿ ದೊಡ್ಡದೊಂದು ಉಕ್ಕಿನ ಬಳೆ, ಅದರಿಂದ ಸೈಕಲ್ ಚಕ್ರದ ಕಡ್ಡಿಗಳಂತೆ ಬಿಗಿದ ಉಕ್ಕಿನ ಹಗ್ಗಗಳು, ಅವುಗಳ ಮೇಲೆ ಬಣ್ಣಬಣ್ಣದ ಹಲಗೆಗಳ ಸೂರು. ಕೆಳಗಿನ ನೆಲವಂತೂ ನ್ಯೂಯಾರ್ಕ್ ರಾಜ್ಯದ ಇಡೀ ರಸ್ತೆ ನಕ್ಷೆ. ಟೆಕ್ಸಾಕೊ ಪೆಟ್ರೋಲ್ ಕಂಪನಿಯದು, 567 ಮೊಸಾಯಿಕ್ ಹಲಗೆಗಳಲ್ಲಿ ಮೂಡಿಸಿದ್ದು. ಜನ ತಮ್ಮೂರನ್ನು ಕಾಲಡಿ ಹುಡುಕುತ್ತ ಓಡಾಡಿದ್ದಿರಬೇಕು.

ಮೇಳ ಮುಗಿಯಿತು. ಎಪ್ಪತ್ತರ ದಶಕದಲ್ಲಿ ಕೆಲಕಾಲ ಅಲ್ಲಿ ಗಾಲಿ ಸ್ಕೇಟಿಂಗ್ ನಡೆಯಿತು. ಸೂರಿನ ಹಲಗೆಗಳು ತಲೆಮೇಲೆ ಬಿದ್ದಾವೆಂದು 1976ರಲ್ಲಿ ಬಿಚ್ಚಿದರು, ಮತ್ತೆ ಹೊದೆಸಲಿಲ್ಲ.

ಹೆಂಚು ಸರಿದ ಮನೆಯ ಗತಿ ನಮ್ಮ ಮಲೆನಾಡಿನವರಿಗೆ ಹೇಳಬೇಕೆ? ನಮ್ಮ ಹಳೇ ಮನೆಯಲ್ಲಿ ಒಂದೇ ಒಂದು ಹೆಂಚು ಜಾರಿತ್ತು. "ದೀಪಾವಳಿ ಆಗಲಿ, ನೋಡುವಾ" ಅಂದರು ಅಪ್ಪಯ್ಯ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪಕಾಸಿ ಕೊಳೆತು, ಮಣ್ಣಿನ ಗೋಡೆ ಕೂತೇ ಬಿಟ್ಟಿತು. ಅಲ್ಲಿ ಮಳೆಯ ಜತೆಗೆ ಹಿಮದ ಕಾಟ. ಬಿರುಕಿಗಿಳಿದ ನೀರು ರಾತ್ರಿ ಗಟ್ಟಿಯಾಗಿ ಉಬ್ಬುತ್ತದೆ, ಹಗಲು ಕರಗಿ ಇನ್ನಷ್ಟು ಒಳಗಿಳಿಯುತ್ತದೆ. ಊರು, ರಸ್ತೆ, ಅಕ್ಷರ ಎಲ್ಲ ಪುಡಿಪುಡಿ. ಉಳಿದ ನಕ್ಷೆಯನ್ನಾದರೂ ಕಾಯಲೆಂದು ಮೇಲೆ ಮರಳು, ಜಲ್ಲಿ ಸುರಿದು ಮುಚ್ಚಿದ್ದಾರೆ. ಕಾಪಾಡುವುದಕ್ಕೆ ಹೂಳುವುದು! ಆದರೂ ಬುದ್ಧಿವಂತರ ಕೆಲಸವೇ.

ನನಗೆ ಹಿಡಿಸಿದ್ದು ಮಾತ್ರ ಬ್ರಷ್ ಹಿಡಿದು ಬಂದ ಜನ. ಸಂಬಳವಿಲ್ಲದೆ ಕಸ ಗುಡಿಸಿದರು, ಗೋಡೆಗೆ ಬಣ್ಣ ಬಳಿದರು. 2015ರಲ್ಲಿ ಬಣ್ಣದ ಕೆಲಸದವರ ಸಂಘದವರೇ ಮೇಲೇರಿ ಉಕ್ಕಿನ ಬಳೆಗೆ ಅದರ ಮೊದಲಿನ ಹಳದಿಯನ್ನು ಬಳಿದುಕೊಟ್ಟರು. ನನ್ನ ಕಣ್ಣಿಗದು ಅಪ್ಪಟ ಪೈನಾಪಲ್ ಕೇಸರಿಬಾತು. ಪಕ್ಕದ ಮೂರು ಗೋಪುರಗಳಿಗೂ ಈಚೆಗೆ ದುರಸ್ತಿಯ ಯೋಗ ಬಂದು, ದೀಪ ಹತ್ತಿವೆ. ಸೂರು ಮಾತ್ರ ಇನ್ನೂ ಇಲ್ಲ.

ಈ ಸಲ ಮೊಮ್ಮಗಳನ್ನು ಕರೆದೊಯ್ದಿದ್ದೆ. ನೆಲದ ನಕ್ಷೆಯ ಕತೆ ಕೇಳಿ ಬೇಲಿಗೆ ಮೂಗು ಒತ್ತಿ ನಿಂತಳು.

"ನಮ್ಮನೆ ಎಲ್ಲಿದೆ ಅಜ್ಜ?"

ಒಳಗೆ ಜಲ್ಲಿ ಕೆದಕುತ್ತ ಒಂದು ಪಾರಿವಾಳ ಓಡಾಡುತ್ತಿತ್ತು. ಕಂಬಿಯ ಸಂದಿಯಲ್ಲಿ ಬೆರಳು ತೂರಿಸಿ ತೋರಿಸಿದೆ.

"ಅಲ್ಲೇ ಎಲ್ಲೋ ಪುಟ್ಟಿ, ಅದರ ಕಾಲ ಕೆಳಗೆ."